ಸುರಾಜ್ಯವೂ ಸ್ವರಾಜ್ಯವೂ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಬಹುಕಾಲದಿಂದ ಕೇಳಿಬರುತ್ತಿರುವುದು. ನಂಜನಗೂಡಿನ ರಥಬೀದಿಯಲ್ಲಾಗಲಿ, ತಿರುಮಕೂಡಲು ನರಸೀಪುರದ ಸಂಗಮದ ಸೋಪಾನಗಳ ಮೇಲಾಗಲಿ, ನಾಲ್ವರು ಹಿರಿಯರು ಸೇರಿ ಕಾಲಸ್ಥಿತಿಯನ್ನು ಕುರಿತು ಮಾತನಾಡತೊಡಗಿದರೆ, ಕಡೆಗೆ ಅದು “ಏನೇ ಆಗಲಿ, ಮಹಾರಾಜರ ಕಾಲವೇ ಚೆನ್ನಾಗಿತ್ತು” ಎಂಬಲ್ಲಿಗೆ ಬಂದು ನಿಲ್ಲುವುದು. ಆ ಕಾಲವನ್ನು ಕಣ್ಣಾರೆ ಕಂಡವರು ಇಂದು ವಿರಳ. ಆದರೂ ಮಾತು ಮಾತ್ರ ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದುಬಂದಿದೆ. ಇದನ್ನು ಕೇವಲ ಮುದಿತನದ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅದರೊಳಗೆ ಒಂದು ಗಹನವಾದ ಪ್ರಶ್ನೆ ಅಡಗಿದೆ. ಆಳುವವನು ಧರ್ಮಿಷ್ಠನೂ ದಕ್ಷನೂ ಆಗಿದ್ದು, ಪ್ರಜೆಯ ಹೊಟ್ಟೆಬಟ್ಟೆಗೆ, ವಿದ್ಯೆಗೆ, ನೆಮ್ಮದಿಗೆ ಕೊರತೆಯಿಲ್ಲದಂತೆ ನೋಡಿಕೊಂಡರೆ, ಪ್ರಜೆಯು ತಾನೇ ಆಳಬೇಕೆಂದು ಏಕೆ ಹಂಬಲಿಸಬೇಕು? ಸುರಾಜ್ಯವು ದೊರೆತ ಮೇಲೆ ಸ್ವರಾಜ್ಯದ ಅವಶ್ಯಕತೆಯೇನು?

ಶಾಸ್ತ್ರಕಾರರ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಬೇಕು. ಇಂಡಿಯಾದ ದೇಶೀಯ ಸಂಸ್ಥಾನಗಳಲ್ಲಿ ಮೈಸೂರಿಗೆ ಮಾದರಿ ಸಂಸ್ಥಾನವೆಂಬ ಹೆಸರು ಬಂದುದು ನಿಷ್ಕಾರಣವಾಗಿ ಅಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಬರಡು ನೆಲಕ್ಕೆ ನೀರನ್ನು ತಂದಿತು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸುವ ಕಾನೂನೂ, 1916ರಲ್ಲಿ ವಿಶ್ವವಿದ್ಯಾನಿಲಯವೂ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧಿಯವರೇ ರಾಜರ್ಷಿಯೆಂದು ಕರೆದರು. ಸರ್ ಎಂ. ವಿಶ್ವೇಶ್ವರಯ್ಯನವರಂತಹ ದಿವಾನರು 1912ರಿಂದ 1918ರವರೆಗೆ ಆರು ವರ್ಷಗಳಲ್ಲಿ ಮಾಡಿದ ಕಾರ್ಯವನ್ನು ಅನೇಕ ಚುನಾಯಿತ ಸರ್ಕಾರಗಳು ಅಷ್ಟೇ ಅವಧಿಯಲ್ಲಿ ಮಾಡಲಾರವು. ಅರಸನು ಪ್ರಜೆಗಳಿಗೆ ತಂದೆಯೆಂಬ ಭಾವನೆಯು ಕಾವ್ಯಗಳಲ್ಲಿ ಮಾತ್ರವಲ್ಲದೆ ಜನರ ಎದೆಯಲ್ಲಿಯೂ ಇದ್ದಿತು. ಹೀಗಿರುವಲ್ಲಿ, ಒಳ್ಳೆಯ ತಂದೆಯಿರುವ ಮನೆಯಲ್ಲಿ ಮಕ್ಕಳು ಪಾಲು ಕೇಳುವುದು ಯಾವ ಧರ್ಮ?

ಈ ಪೂರ್ವಪಕ್ಷಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವೊಂದುಂಟು. ಒಳ್ಳೆಯ ಅರಸನ ಮಗನು ಒಳ್ಳೆಯವನೇ ಆಗುವನೆಂಬ ನಿಯಮವಿಲ್ಲ. ಅರಸನು ಒಳ್ಳೆಯವನಾದರೂ ಅಧಿಕಾರವು ಅವನ ಕೈಯಲ್ಲಿಯೇ ಉಳಿಯುವುದೆಂಬ ಭರವಸೆಯೂ ಇಲ್ಲ. ಇದಕ್ಕೆ ಸಾಕ್ಷಿಯು ನಂಜನಗೂಡು ತಾಲ್ಲೂಕಿನಲ್ಲಿಯೇ ದೊರೆಯುವುದು. ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಹಳೆಯ ಕಲ್ಲುಸೇತುವೆಯು ದಳವಾಯಿ ದೇವರಾಜಯ್ಯನ ಹೆಸರನ್ನು ಹೊತ್ತು ನಿಂತಿದೆ. ಅವನೂ ಅವನ ಸಹೋದರ ನಂಜರಾಜಯ್ಯನೂ ಇದೇ ಸೀಮೆಯ ಕಳಲೆಯ ಮನೆತನದವರು. ಸೇತುವೆ ಗಟ್ಟಿಯಾದುದು, ನಂಜರಾಜನು ಕವಿಗಳಿಗೆ ಆಶ್ರಯದಾತನೂ ಸ್ವತಃ ಗ್ರಂಥಕರ್ತನೂ ಹೌದು. ಆದರೆ ಇವರ ಕಾಲದಲ್ಲಿ ಸಿಂಹಾಸನದ ಮೇಲಿನ ಅರಸು ಹೆಸರಿಗಷ್ಟೇ ಅರಸಾಗಿ, ರಾಜ್ಯವೆಲ್ಲ ದಳವಾಯಿಗಳ ಮುಷ್ಟಿಯಲ್ಲಿತ್ತು. ಅವರ ಕೈಯಿಂದ ಅದು 1761ರ ವೇಳೆಗೆ ಹೈದರನ ಕೈಗೆ ಹೋಯಿತು. 1831ರಲ್ಲಿ ನಗರದ ದಂಗೆಯನ್ನು ನೆವಮಾಡಿಕೊಂಡು ಆಂಗ್ಲರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು; 50 ವರ್ಷಗಳ ಕಮಿಷನರರ ಆಡಳಿತದ ಅನಂತರ 1881ರಲ್ಲಿ ಅದನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದರು. ಈ ಯಾವ ಕೊಡುಕೊಳೆಯಲ್ಲಿಯೂ ಹುಲ್ಲಹಳ್ಳಿಯ ರೈತನನ್ನಾಗಲಿ ಸೋಸಲೆಯ ರೈತನನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ. ಹಸುವನ್ನು ಮಾರುವಾಗ ಹಸುವನ್ನು ಕೇಳುವವರುಂಟೆ?

ಈ ಸಮಾಧಾನವು ಸರಿಯಾದುದೇ, ಆದರೆ ಸಾಲದು. ಏಕೆಂದರೆ ಪೂರ್ವಪಕ್ಷಿಯು, “ಒಳ್ಳೆಯ ಅರಸರು ಒಬ್ಬರಾದ ಮೇಲೊಬ್ಬರು ತಪ್ಪದೆ ಬರುವರೆಂದು ಇಟ್ಟುಕೊಳ್ಳಿರಿ, ಆಗಲೂ ಸ್ವರಾಜ್ಯ ಬೇಕೆ?” ಎಂದು ಮತ್ತೆ ಕೇಳಬಹುದು. ಇದಕ್ಕೆ ಉತ್ತರ ಹೇಳಬೇಕಾದರೆ, ಆಡಳಿತದಿಂದ ಪ್ರಜೆಗೆ ಏನು ದೊರೆಯಿತೆಂಬುದನ್ನು ಬಿಟ್ಟು, ಆಡಳಿತದ ಎದುರಿಗೆ ಪ್ರಜೆಯು ಏನಾಗಿದ್ದನೆಂಬುದನ್ನು ವಿಚಾರಿಸಬೇಕು. ಈ ವಿಚಾರಕ್ಕೆ ಈ ಎರಡು ತಾಲ್ಲೂಕುಗಳೇ ಎರಡು ಹಳೆಯ ಕಥೆಗಳನ್ನು ಒದಗಿಸುತ್ತವೆ.

ಮೊದಲನೆಯದು ನರಸೀಪುರ ತಾಲ್ಲೂಕಿನ ತಲಕಾಡಿನದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಅಲ್ಲಿನ ಹಿಂದಿನ ಅಧಿಪತಿಯ ಪತ್ನಿಯಾದ ಅಲಮೇಲಮ್ಮನಿಂದ ಒಡವೆಗಳನ್ನು ಪಡೆಯಲು ಭಟರನ್ನು ಕಳುಹಿಸಿದರೆಂದೂ, ಆಕೆಯು ಮಾಲಂಗಿಯ ಎದುರಿಗೆ ಕಾವೇರಿಗೆ ಹಾರುವ ಮುನ್ನ ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಒಡೆಯರಿಗೆ ಸಂತಾನವಿಲ್ಲದಿರಲೆಂದೂ ಶಪಿಸಿದಳೆಂದೂ ಐತಿಹ್ಯವು ಹೇಳುವುದು. ಮರಳಿನ ದಿಬ್ಬಗಳಿಗೆ ನದಿಯ ತಿರುವನ್ನೂ ಬೀಸುವ ಗಾಳಿಯನ್ನೂ ಕಾರಣವಾಗಿ ಹೇಳುವ ಪಂಡಿತರಿದ್ದಾರೆ. ಕಥೆಯು ನಿಜವೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. 400 ವರ್ಷಗಳಿಂದ ಜನರು ಅದನ್ನು ಮರೆಯದೆ ಹೇಳಿಕೊಂಡು ಬಂದಿರುವುದೇಕೆ? ಅನ್ಯಾಯಕ್ಕೊಳಗಾದ ಒಂಟಿ ಹೆಂಗಸಿಗೆ ಹೋಗಿ ನಿಲ್ಲಲು ಒಂದು ಕಟ್ಟೆ ಇರಲಿಲ್ಲ. ಅಪಹಾರ ಮಾಡುವವನೇ ನ್ಯಾಯಾಧಿಪತಿಯಾಗಿರುವಲ್ಲಿ ದೂರನ್ನು ಯಾರಿಗೆ ಕೊಡುವುದು? ಅಂಥವರಿಗೆ ಉಳಿಯುವ ಏಕೈಕ ಭಾಷೆಯು ಶಾಪ.

ಎರಡನೆಯದು ನಂಜನಗೂಡಿನದು. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದ ಸಮರ್ಥರಾದ ಅರಸರು. ಅಠಾರ ಕಚೇರಿಯನ್ನು ಏರ್ಪಡಿಸಿ ಆಡಳಿತವನ್ನು ಕ್ರಮಗೊಳಿಸಿದವರು, ನವಕೋಟಿ ನಾರಾಯಣರೆಂಬ ಬಿರುದನ್ನು ಪಡೆದವರು, ಸ್ವತಃ ಸಾಹಿತ್ಯರಸಿಕರು. ಸುರಾಜ್ಯಕ್ಕೆ ಉದಾಹರಣೆ ಬೇಕೆಂದರೆ ಇವರ ಹೆಸರನ್ನು ಹೇಳಬಹುದು. ಇವರ ಕಾಲದಲ್ಲಿ ಕಂದಾಯದ ಮೇಲೆ ಹೊಸ ಹೊಸ ತೆರಿಗೆಗಳು ಬಿದ್ದಾಗ ರೈತರು ಉಳುಮೆಯನ್ನು ನಿಲ್ಲಿಸಿ, ನೇಗಿಲನ್ನು ತಲೆಕೆಳಗು ಮಾಡಿ ಊರ ಬಾಗಿಲಿನ ಮರಕ್ಕೆ ತೂಗುಹಾಕಿದರೆಂದೂ, ಇವರಿಗೆ ಬೆಂಬಲವಾಗಿ ನಿಂತ ಜಂಗಮರನ್ನು ನಂಜನಗೂಡಿಗೆ ಬರಮಾಡಿಕೊಂಡು ನೂರಾರು ಮಂದಿಯನ್ನು ಕೊಲ್ಲಿಸಲಾಯಿತೆಂದೂ ಕರ್ನಲ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಸಂಖ್ಯೆಯನ್ನೂ ವಿವರಗಳನ್ನೂ ಕುರಿತು ಇತಿಹಾಸಜ್ಞರಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ತಲೆಕೆಳಗಾಗಿ ತೂಗುವ ಆ ನೇಗಿಲು ಮರೆಯತಕ್ಕ ಚಿತ್ರವಲ್ಲ. “ಈ ತೆರಿಗೆ ಹೆಚ್ಚಾಯಿತು” ಎಂಬ ನಾಲ್ಕು ಅಕ್ಷರದ ಮಾತನ್ನು ಆಡಲು ಸ್ಥಳವಿಲ್ಲದವನು, ತನ್ನ ಅನ್ನದ ಸಾಧನವನ್ನೇ ಮರಕ್ಕೆ ಕಟ್ಟಿ ಅದರ ಮೂಲಕ ಮಾತನಾಡಿದನು. ಅರಸನಾದರೋ ಒಳ್ಳೆಯ ಆಡಳಿತಗಾರನಾಗಿದ್ದೂ ಆ ಭಾಷೆಯನ್ನು ದ್ರೋಹವೆಂದು ಓದಿದನು.

ಈ ಎರಡು ಕಥೆಗಳಿಂದ ತಿಳಿಯುವುದೇನು? ಪ್ರಜೆಗೆ ಮಾತಿಲ್ಲದ ರಾಜ್ಯದಲ್ಲಿ, ಆಳುವವನು ಒಳ್ಳೆಯವನಾದರೂ ತಾನು ಎಲ್ಲಿ ತಪ್ಪಿದೆನೆಂಬುದನ್ನು ಅರಿಯಲಾರನು. ಶಾಪವೂ ದಂಗೆಯೂ ಅವನಿಗೆ ಮುಟ್ಟುವ ವೇಳೆಗೆ ಕಾಲ ಮೀರಿರುತ್ತದೆ. ಹಾಗೂ, ಇದಕ್ಕಿಂತ ಮುಖ್ಯವಾದ ಮಾತು, ಅಲ್ಲಿ ಪ್ರಜೆಯು ಸುಖಿಯಾಗಿರಬಹುದಾದರೂ ಪೂರ್ಣ ಮನುಷ್ಯನಾಗಿರುವುದಿಲ್ಲ. ಕೊಟ್ಟುದನ್ನು ಕೈಯೊಡ್ಡಿ ಪಡೆಯುವವನಾಗಿರುವನೇ ಹೊರತು, ಹೀಗಾಗಲಿ ಎಂದು ಸಂಕಲ್ಪಿಸುವವನಾಗಿರುವುದಿಲ್ಲ. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಸುರಾಜ್ಯದ ವಾಕ್ಯದಲ್ಲಿ ಪ್ರಜೆಗೆ ಸಂಪ್ರದಾನದ ಸ್ಥಾನ. ಸ್ವರಾಜ್ಯದ ವಾಕ್ಯದಲ್ಲಿ ಕರ್ತೃವಿನ ಸ್ಥಾನ.

ಮೈಸೂರಿನಲ್ಲಿ ಈ ಸ್ಥಾನಪಲ್ಲಟವು ಒಂದೇ ದಿನದಲ್ಲಿ ಆದುದಲ್ಲ. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಮೊದಲ ಸಭೆಗೆ ಬಂದವರು 144 ಮಂದಿ. ತಾಲ್ಲೂಕುಗಳಿಂದ ರೈತರೂ, ವರ್ತಕರೂ ಬಂದರು. ದಸರೆಯ ಕಾಲದಲ್ಲಿ ದಿವಾನರು ಸಂಸ್ಥಾನದ ವರ್ಷದ ಲೆಕ್ಕವನ್ನು ಓದಿ ಹೇಳುವರು. ಸದಸ್ಯರು ತಮ್ಮ ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯಗಳ ಕಷ್ಟಗಳನ್ನು ಅರಿಕೆ ಮಾಡುವರು. ಇದು ಸಣ್ಣ ಸಂಗತಿಯಲ್ಲ. ಮರಕ್ಕೆ ತೂಗಿದ್ದ ನೇಗಿಲು ಕೆಳಗಿಳಿದು ಬಾಯಿಗೆ ಮಾತು ಬಂದುದು ಅಂದು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸೇರಿಕೊಂಡಿತು. 1923ರ ಸುಧಾರಣೆಗಳಲ್ಲಿ ಸ್ತ್ರೀಯರಿಗಿದ್ದ ಅಡ್ಡಿಯೂ ದೂರವಾಯಿತು. ಆದರೆ ಅರಿಕೆಯು ಎಂದಿಗೂ ಅರಿಕೆಯೇ. ಕೇಳಿದವರು “ಆಲೋಚಿಸಲಾಗುವುದು” ಎಂದರೆ ಅಲ್ಲಿಗೆ ಮುಗಿಯಿತು. ದಿವಾನರು ಉತ್ತರ ಹೇಳಬೇಕಾಗಿದ್ದುದು ಅರಮನೆಗೆ, ಸಭೆಗಲ್ಲ.

ಅರಿಕೆಯಿಂದ ನಿರ್ಣಯಕ್ಕೆ ಏರಿದ ಮೆಟ್ಟಿಲು ಕಷ್ಟವಾದುದು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿ ಅನೇಕರು ಸತ್ತರು. ಮಾದರಿ ಸಂಸ್ಥಾನದಲ್ಲಿಯೂ ಒಂದು ಬಾವುಟವನ್ನು ಏರಿಸಬೇಕೆಂದರೆ ಪ್ರಾಣವನ್ನು ಪಣವಾಗಿಡಬೇಕಾಗಿತ್ತೆಂಬುದನ್ನು ಮಹಾರಾಜರ ಕಾಲವನ್ನು ಹೊಗಳುವಾಗ ನೆನೆಯಬೇಕು. ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ ರಾಮಚಂದ್ರರಾಯರು ಸತ್ಯಾಗ್ರಹಾಶ್ರಮವನ್ನು ಕಟ್ಟಿ, ಚರಕವನ್ನೂ ಅಸ್ಪೃಶ್ಯತಾನಿವಾರಣೆಯನ್ನೂ ಹಳ್ಳಿಯ ಕೆಲಸವನ್ನಾಗಿ ಮಾಡಿಕೊಂಡಿದ್ದರು. ಬದನವಾಳಿನಲ್ಲಿ ಖಾದೀ ಕೇಂದ್ರವು ಬೆಳೆಯಿತು. 1934ರ ಹರಿಜನಯಾತ್ರೆಯಲ್ಲಿ ಗಾಂಧಿಯವರು ಈ ಸೀಮೆಗೆ ಬಂದರು. ಹೀಗೆ ಸಿದ್ಧವಾದ ನೆಲದಲ್ಲಿ 1947ರ ಬೀಜ ಬಿದ್ದಿತು. ಇಂಡಿಯಾ ದೇಶವು ಆಗಸ್ಟ್ 15ರಂದು ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನ್ ಸರ್ ಎ. ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿದುದರಿಂದ, ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಚಳವಳಿಯು ಆರಂಭವಾಯಿತು. ಸೆರೆಮನೆಗಳು ತುಂಬಿದವು. ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿಯ ವೃತ್ತವೊಂದು ಇಂದಿಗೂ ಹೊತ್ತಿದೆ. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಯಿತು.

ಜಯಚಾಮರಾಜ ಒಡೆಯರಿಗೆ ಸಲ್ಲಬೇಕಾದ ಗೌರವವನ್ನು ಇಲ್ಲಿ ಸಲ್ಲಿಸಬೇಕು. ಅಧಿಕಾರವನ್ನು ಬಿಡಲು ಅವರು ತಡಮಾಡಿದರೆಂಬುದು ನಿಜ. ಆದರೆ ಬಿಟ್ಟ ಮೇಲೆ ಮರಳಿ ಹಿಡಿಯಲು ಯತ್ನಿಸಲಿಲ್ಲವೆಂಬುದೂ ಅಷ್ಟೇ ನಿಜ. 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ವಿಶಾಲ ಮೈಸೂರಿನ ರಾಜ್ಯಪಾಲರಾಗಿ, ತಮ್ಮ ಪೂರ್ವಿಕರು ಆಳಿದ ನೆಲದಲ್ಲಿ ಸಂವಿಧಾನದ ಸೇವಕರಾಗಿ ನಿಂತರು. ವಿಸ್ತಾರವಾದ ಆ ರಾಜ್ಯದಲ್ಲಿ ತಮ್ಮ ಹಳೆಯ ಪ್ರಜೆಗಳು ಒಂದು ಭಾಗ ಮಾತ್ರವಾಗುವರೆಂದು ತಿಳಿದೂ ಏಕೀಕರಣಕ್ಕೆ ಒಪ್ಪಿದರು.

ಏಕೀಕರಣದ ವಿಷಯದಲ್ಲಿ ಸ್ವರಾಜ್ಯದ ಸ್ವರೂಪವು ಇನ್ನೊಂದು ಬಗೆಯಾಗಿ ಪ್ರಕಟವಾಯಿತು. 1956ರವರೆಗೆ ನರಸೀಪುರ ತಾಲ್ಲೂಕಿನ ಗಡಿಯೆಂದರೆ ರಾಜ್ಯದ ಗಡಿ. ತಲಕಾಡಿನಿಂದ ಕೆಲವೇ ಹರದಾರಿಗಳ ಆಚೆಯ ಕೊಳ್ಳೇಗಾಲವು ಮದರಾಸು ಆಡಳಿತಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದೇ ನದಿಯ ನೀರನ್ನು ಕುಡಿದು, ಒಂದೇ ಭಾಷೆಯನ್ನಾಡಿ, ಹೆಣ್ಣು ಕೊಟ್ಟು ತಂದು ಬಾಳುವವರನ್ನು ಯಾವನೋ ದೊರೆಯ ಯುದ್ಧಸಂಧಿಯು ಬೇರ್ಪಡಿಸಿತ್ತು. ಅವರನ್ನು ಕೂಡಿಸುವ ಪ್ರಶ್ನೆ ಬಂದಾಗ ಹಳೆಯ ಮೈಸೂರಿನ ಅನೇಕರು ಅಳುಕಿದರು. ಕಟ್ಟಿಕೊಂಡ ಸಮೃದ್ಧಿಯು ಹಂಚಿಹೋಗುವುದೆಂದೂ, ಬಹುಮತವು ಉತ್ತರಕ್ಕೆ ಜಾರುವುದೆಂದೂ ಅವರಿಗೆ ಭಯವಿತ್ತು. ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ವಾದವು ಶಾಸನಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಬಹಿರಂಗವಾಗಿ ನಡೆಯಿತು. ನವೆಂಬರ್ 1ರಂದು ರಾಜ್ಯವು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಒಪ್ಪದವರು ತಮ್ಮ ಮಾತನ್ನಾಡಿದ ಮೇಲೆ ಒಪ್ಪಿದವರ ಜೊತೆಯಲ್ಲಿಯೇ ಬಾಳಿದರು. ಹಿಂದೆ ಗಡಿಗಳು ಕತ್ತಿಯಿಂದ ಬದಲಾಗುತ್ತಿದ್ದವು. ಈ ಬಾರಿ ಮಾತಿನಿಂದ ಬದಲಾದವು.

ಇಷ್ಟಾದರೂ ಸಿದ್ಧಾಂತವು ಪೂರ್ಣವಾಗಲಿಲ್ಲ. ಏಕೆಂದರೆ ಪೂರ್ವಪಕ್ಷಿಯ ಕೈಯಲ್ಲಿ ಕಡೆಯ ಅಸ್ತ್ರವೊಂದಿದೆ: “ಸ್ವರಾಜ್ಯ ಬಂದ ಮೇಲೆ ಎಲ್ಲರಿಗೂ ಮಾತು ಬಂದಿತೆ?” ಈ ಪ್ರಶ್ನೆಗೆ ಮುಖ ತಿರುಗಿಸುವವನು ಸ್ವರಾಜ್ಯದ ಮಿತ್ರನಲ್ಲ. ದೇವಾಲಯಪ್ರವೇಶಕ್ಕೆ ಅವಕಾಶವೀಯುವ ಕಾನೂನು ಮೈಸೂರಿನಲ್ಲಿ 1948ರಲ್ಲಿಯೇ ಬಂದಿತು. ಜವಾಬ್ದಾರಿ ಸರ್ಕಾರದ ಮೊದಲ ಫಲಗಳಲ್ಲಿ ಅದೊಂದು. ಆದರೂ 1993ರ ಮಾರ್ಚಿಯಲ್ಲಿ, ಚರಕವು ತಿರುಗಿದ ಅದೇ ಬದನವಾಳಿನಲ್ಲಿ, ದೇವಾಲಯಪ್ರವೇಶದ ವಿವಾದವು ಬೆಳೆದು ಮೂವರು ದಲಿತರು ಕೊಲೆಯಾದರು. ಕಾನೂನು ಬಂದು 45 ವರ್ಷಗಳಾಗಿದ್ದವು. ಅರಮನೆಯಲ್ಲಿದ್ದ ಒಬ್ಬ ಅರಸನು ಇಳಿದರೂ, ಊರೂರಿನಲ್ಲಿ ಹುಟ್ಟಿನಿಂದಲೇ ಅರಸರಾದವರು ಇಳಿದಿರಲಿಲ್ಲವೆಂಬುದನ್ನು ಆ ದಿನವು ತೋರಿಸಿತು. ಆ ಊರಿನ ಎರಡು ಕೇರಿಗಳನ್ನು ಕೂಡಿಸುವ ಹಾದಿಯು ಬಹುಕಾಲ ಬಳಕೆ ತಪ್ಪಿತ್ತು. 2022ರ ಅಕ್ಟೋಬರಿನಲ್ಲಿ ಅದು ಮತ್ತೆ ತೆರೆಯಿತು. ಕೆಲವು ಮಾರುಗಳ ದಾರಿಗೆ 29 ವರ್ಷಗಳು!

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಠಿಣವಾದ ಉದಾಹರಣೆಯೂ ಉಂಟು. ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದ 1974ರ ಭೂಸುಧಾರಣಾ ಕಾನೂನು, ತಾಲ್ಲೂಕುಗಳಲ್ಲಿ ನ್ಯಾಯಮಂಡಲಿಗಳನ್ನು ಏರ್ಪಡಿಸಿ, ವಕೀಲರ ನಡುವಿಕೆಯಿಲ್ಲದೆ ಗೇಣಿದಾರನು ತಾನೇ ಬಂದು ತನ್ನ ಹಕ್ಕನ್ನು ಹೇಳುವಂತೆ ಮಾಡಿತು. ಭೂಮಾಲಿಕನ ಎದುರಿಗೆ ತಲೆಯೆತ್ತದಿದ್ದವನು ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಅವನ ಸಮಕ್ಕೆ ನಿಂತನು. ಆದರೆ ಈ ಕಾರ್ಯದ ಒಂದು ಭಾಗವು ನಡೆದುದು 1975ರ ಜೂನಿನಿಂದ 1977ರ ಮಾರ್ಚಿಯವರೆಗಿನ ತುರ್ತುಪರಿಸ್ಥಿತಿಯಲ್ಲಿ. ದೇಶದ ಬಾಯಿಗೆ ಬೀಗ ಬಿದ್ದಿದ್ದ ಕಾಲದಲ್ಲಿ. ಹಾಗಾದರೆ ಮೌನದಿಂದಲೂ ಒಳಿತಾಗುವುದಲ್ಲವೆ ಎಂದು ಕೇಳುವವರುಂಟು. ಆಗುವುದು, ಕನ್ನಂಬಾಡಿಯೂ ಹಾಗೆಯೇ ಆಯಿತು. ಆದರೆ ಭೂಸುಧಾರಣೆಯು ಉಳಿದು ಬಾಳಿದುದು ಮೌನದ ಬಲದಿಂದಲ್ಲ. ಒಮ್ಮೆ ಮಂಡಲಿಯ ಮುಂದೆ ನಿಂತು ಮಾತನಾಡಿದ ಗೇಣಿದಾರನು ಮತ್ತೆ ಮೂಕನಾಗಲು ಒಪ್ಪದಿದ್ದುದರಿಂದ ಉಳಿಯಿತು. ಮೇಲಿನಿಂದ ಬಂದ ಒಳಿತು ಕೆಳಗಿನವನ ಮಾತಾಗಿ ಮಾರ್ಪಟ್ಟಾಗಲೇ ಅದಕ್ಕೆ ಬೇರು.

ಇನ್ನು ಸಿದ್ಧಾಂತ. ಧರ್ಮಶಾಸ್ತ್ರಗಳಲ್ಲಿ ಷಷ್ಠಾಂಶವೆಂಬ ಒಂದು ಲೆಕ್ಕವಿದೆ. ಅರಸನು ಬೆಳೆಯಲ್ಲಿ ಆರನೆಯ ಒಂದು ಪಾಲನ್ನು ಪಡೆಯತಕ್ಕವನು; ಅದಕ್ಕೆ ಸರಿಯಾಗಿ, ಪ್ರಜೆಗಳನ್ನು ಕಾಪಾಡಿದರೆ ಅವರ ಪುಣ್ಯದಲ್ಲಿಯೂ, ಕಾಪಾಡದಿದ್ದರೆ ಅವರ ಪಾಪದಲ್ಲಿಯೂ ಆರನೆಯ ಪಾಲು ಅವನಿಗೆ ಸೇರುವುದೆಂದು ಸ್ಮೃತಿಕಾರರು ವಿಧಿಸಿದರು. ಆ ಗ್ರಂಥಗಳು ಎಲ್ಲ ಮನುಷ್ಯರನ್ನೂ ಸಮವಾಗಿ ಎಣಿಸಲಿಲ್ಲವೆಂಬ ದೋಷವು ಅವುಗಳಲ್ಲಿದ್ದೇ ಇದೆ. ಆದರೂ ಅಧಿಕಾರವನ್ನೂ ಪಾಪವನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ಒಂದು ಲೆಕ್ಕವು ಬಿಸುಡತಕ್ಕುದಲ್ಲ. ಈಗ ಪ್ರಶ್ನೆಯೇನೆಂದರೆ, ಸಿಂಹಾಸನವು ಬರಿದಾದ ಮೇಲೆ ಆ ಆರನೆಯ ಪಾಲು ಎಲ್ಲಿಗೆ ಹೋಯಿತು? ಪಡೆಯುವವನಿಲ್ಲವೆಂದು ಅದು ಗಾಳಿಯಲ್ಲಿ ಕರಗಿಹೋಗಲಿಲ್ಲ. 1952ರ ಮೊದಲ ಮಹಾಚುನಾವಣೆಯಿಂದ ಇತ್ತೀಚೆಗೆ ಅದು ಪ್ರತಿಯೊಬ್ಬ ಮತದಾರನ ಮನೆಗೆ ಸಣ್ಣ ಸಣ್ಣ ಪಾಲಾಗಿ ಬಂದು ಸೇರುತ್ತಿದೆ. ಅಲಮೇಲಮ್ಮನ ಕಣ್ಣೀರಿನ ಪಾಪವನ್ನು ಐತಿಹ್ಯವು ಒಂದು ರಾಜವಂಶದ ತಲೆಗೆ ಕಟ್ಟಿತು. ಜಂಗಮರ ರಕ್ತವನ್ನು ಇತಿಹಾಸಕಾರನು ಒಬ್ಬ ಅರಸನ ಲೆಕ್ಕಕ್ಕೆ ಬರೆದನು. ಬದನವಾಳಿನ ಮೂವರ ಸಾವನ್ನು ಯಾವ ಅರಸನ ಲೆಕ್ಕಕ್ಕೆ ಬರೆಯುವುದು? ಕೊಂದವರ ಅಪರಾಧವು ಕೊಂದವರದು. ಅದನ್ನು ನ್ಯಾಯಾಲಯವು ವಿಚಾರಿಸುವುದು. ಆದರೆ 45 ವರ್ಷಗಳ ಕಾನೂನನ್ನು ಕಾಗದದ ಮೇಲೆಯೇ ಮಲಗಗೊಟ್ಟ ಪಾಪದಲ್ಲಿ ಆ ಸೀಮೆಯ ಪ್ರತಿಯೊಬ್ಬ ಪೌರನಿಗೂ, ಓದುಬರಹ ಬಲ್ಲ ಮಾನ್ಯರಿಗಂತೂ ಹೆಚ್ಚಾಗಿ, ಪಾಲಿದೆ.

ಈ ದೃಷ್ಟಿಯಿಂದ ನೋಡಿದರೆ “ಮಹಾರಾಜರ ಕಾಲವೇ ಚೆನ್ನಾಗಿತ್ತು” ಎಂಬ ಮಾತಿನ ಮರ್ಮವು ತಿಳಿಯುವುದು. ಆ ಕಾಲದಲ್ಲಿ ಅನ್ನವು ಅಗ್ಗವಾಗಿತ್ತೆಂಬುದಷ್ಟೇ ಅದರ ಅರ್ಥವಲ್ಲ. ಆ ಕಾಲದಲ್ಲಿ ಪಾಪದ ಲೆಕ್ಕ ಬೇರೊಬ್ಬನದಾಗಿತ್ತು. ಒಳಿತಾದರೆ ಪ್ರಭುವಿನ ಕೃಪೆ, ಕೆಡುಕಾದರೆ ಪ್ರಭುವಿನ ಕರ್ಮ. ಪ್ರಜೆಯು ಎರಡಕ್ಕೂ ಹೊರಗಿನವನಾಗಿ ನೆಮ್ಮದಿಯಿಂದ ನಿದ್ರಿಸಬಹುದಾಗಿತ್ತು. ಸ್ವರಾಜ್ಯವು ಮೊದಲು ಕಸಿದುಕೊಂಡುದು ಈ ನಿದ್ರೆಯನ್ನು. ಸ್ವಾತಂತ್ರ್ಯವನ್ನು ಸುಖದ ತಕ್ಕಡಿಯಲ್ಲಿ ತೂಗುವವನಿಗೆ ಅದು ನಷ್ಟವಾಗಿಯೇ ಕಾಣುವುದು. ಹೊಣೆಯ ತಕ್ಕಡಿಯಲ್ಲಿ ತೂಗಿದರೆ ಮಾತ್ರ ಅದರ ತೂಕ ತಿಳಿದೀತು. ಮನೆಯ ಮಗನು ಎಷ್ಟೇ ಸುಖವಾಗಿ ಬೆಳೆದರೂ, ಮನೆಯ ಸಾಲಕ್ಕೆ ತಾನೂ ರುಜು ಹಾಕಿದ ದಿನವೇ ಮನೆಯವನಾಗುವನು.

ಆದುದರಿಂದ ಸುರಾಜ್ಯ ಸ್ವರಾಜ್ಯಗಳಲ್ಲಿ ಯಾವುದು ಮೇಲೆಂದು ಕೇಳಿದರೆ, ಸ್ವರಾಜ್ಯವೆಂದೇ ಉತ್ತರ. ಅದು ಹೆಚ್ಚು ಸುಖವನ್ನು ಕೊಡುವುದೆಂದಲ್ಲ, ಮನುಷ್ಯನನ್ನು ತನ್ನ ಊರಿನ ಪುಣ್ಯಪಾಪಗಳಿಗೆ ಬಾಧ್ಯನನ್ನಾಗಿ ಮಾಡುವುದೆಂದು. ಬದನವಾಳಿನ ದುರಂತ ನಡೆದ 1993ರಲ್ಲಿಯೇ ಜಾರಿಗೆ ಬಂದ ಪಂಚಾಯತಿ ಕಾನೂನು ಪ್ರತಿ ಹಳ್ಳಿಯಲ್ಲಿಯೂ ಗ್ರಾಮಸಭೆಗೆ ಸ್ಥಾನ ಕೊಟ್ಟಿದೆ. ಅರಳಿಕಟ್ಟೆಯ ಮುಂದೆ ಆ ಸಭೆ ಸೇರಿದಾಗ ಮುಂದಿನ ಸಾಲಿನವರು ಎಂದಿನಂತೆ ಮಾತನಾಡುವರು. ಅವರ ಮಾತಿನಿಂದ ಸ್ವರಾಜ್ಯದ ಪರೀಕ್ಷೆಯಾಗುವುದಿಲ್ಲ. ಹಿಂದೆ ಕಂಬದ ಮರೆಯಲ್ಲಿ ನಿಂತ ಮುದುಕಿಯು ತನ್ನ ಕೇರಿಯ ನಲ್ಲಿಗೆ ನೀರು ಬಂದಿಲ್ಲವೆಂದು ಯಾರ ಮುಖವನ್ನೂ ನೋಡದೆ ಹೇಳಬಲ್ಲಳೆ, ಹೇಳಿದ ಮೇಲೆ ಆ ರಾತ್ರಿ ನಿರ್ಭಯವಾಗಿ ಮಲಗಬಲ್ಲಳೆ, ಎಂಬುದೇ ಪರೀಕ್ಷೆ. ಹೇಳಬಲ್ಲಳಾದರೆ ಆಕೆಗೆ ಶಾಪದ ಅವಶ್ಯಕತೆಯಿಲ್ಲ. ಹೇಳಲಾರಳಾದರೆ, ಆಕೆಯ ಮೌನದಲ್ಲಿ ಆರನೆಯ ಪಾಲು ಸಭೆಯಲ್ಲಿ ಕುಳಿತ ಎಲ್ಲರ ಹೆಸರಿಗೂ ಬರೆಯಲ್ಪಡುತ್ತಿರುವುದೆಂದು ವಾಚಕರು ತಿಳಿಯತಕ್ಕದ್ದು.